ಹದಿಮೂರನೇ ದಿನದ ಕಾರ್ಡ್

ಕಳೆದ ವರ್ಷ ಅವರೆಕಾಯಿ ಕಾಲದಲ್ಲಿ, ಒಂದು ಮಧ್ಯಾಹ್ನ ಪೇಪರ್ ಹಾಸಿಕೊಂಡು ಕಾಯಿ ಸುಲಿಯುತ್ತಿದ್ದಾಗ ಮಂಜುನಾಥನ ಫೋನ್ ಬಂತು. ಇಟ್ಟಮಡುವಿನಲ್ಲಿ ಅವನದೊಂದು ಪುಟ್ಟ ಪ್ರಿಂಟಿಂಗ್ ಪ್ರೆಸ್. ಮದುವೆ, ಗೃಹಪ್ರವೇಶ, ವೈಕುಂಠ ಸಮಾರಾಧನೆ, ಯಾವ ಕಾರ್ಡ್ ಬಂದರೂ ಒಕ್ಕಣೆ ಬರೆದು ಕರಡು ತಿದ್ದಿಕೊಡುವ ಕೆಲಸ ಬಹಳ ವರ್ಷಗಳಿಂದ ನನ್ನದು. ಮನೆಯಲ್ಲೇ ಕುಳಿತು ಮಾಡುತ್ತಿದ್ದೆ. ಮನೆಯ ಹೊರಗೆ ನನ್ನ ಮಾತಿಗೆ ಜನ ಕಾಯುತ್ತಿದ್ದುದು ಅದೊಂದೇ ಕಡೆ.

"ಶಾರದಕ್ಕ, ಇನ್ಮೇಲೆ ಎಲ್ಲಾ ಎಐನಲ್ಲೇ ಬರೆಸೋಣ ಅಂತಿದ್ದೀನಿ. ಪ್ರಾಂಪ್ಟ್ ಹಾಕೋದು ಕಲ್ತ್ಕೊಂಡ್ರೆ ನೀವೇ ನೋಡ್ಕೋಬಹುದು. ಇಲ್ಲಾಂದ್ರೆ ಕಷ್ಟ ಆಗತ್ತೆ."

ನಮಗೆ ಏನು ಬೇಕೆಂದು ಯಂತ್ರಕ್ಕೆ ಬರೆದುಕೊಡುವ ಸೂಚನೆಗೆ ಪ್ರಾಂಪ್ಟ್ ಎನ್ನುತ್ತಾರೆಂದು ಪ್ರೆಸ್ಸಿನ ಡಿಸೈನರ್ ರೇಖಾ ಹೇಳಿಕೊಟ್ಟಳು. ನನ್ನ ಹಳೇ ಫೋನಿನಲ್ಲೇ ಆಗುತ್ತದೆ ಎಂದಾಗ ರಾಯರ ಪಟಕ್ಕೆ ಕೈ ಮುಗಿದೆ. ಮದುವೆ ಕಾರ್ಡುಗಳು ಹೇಗೋ ಆದವು.

ಆಮೇಲೆ ಪುಟ್ಟೇನಹಳ್ಳಿಯ ಒಂದು ಮನೆಯಿಂದ ಸಮಾರಾಧನೆಯ ಕಾರ್ಡ್ ಬಂತು. ಶುಕ್ರವಾರ ಸಂಜೆ, ದೀಪ ಹಚ್ಚಿಯಾಗಿತ್ತು. ಆ ಹೊತ್ತಿನಲ್ಲಿ ನಮ್ಮ ಮನೆಯಲ್ಲಿ ಸಾವಿನ ಮಾತು ಆಡುವುದಿಲ್ಲ. ಬರೆಯಲೂ ಕೈ ಬರಲಿಲ್ಲ. "ತಂದೆಯವರ ಹದಿಮೂರನೇ ದಿನದ ಕಾರ್ಡ್. ಬಂಧುಗಳನ್ನು ಊಟಕ್ಕೆ ಕರೆಯಬೇಕು" ಎಂದಷ್ಟೇ ಬರೆದು ಹೆಸರು, ವಿಳಾಸ ಕೊಟ್ಟೆ. ನಮ್ಮಲ್ಲಿ ಯಾರಿಗಾದರೂ ಅಷ್ಟು ಸಾಕು.

ಯಂತ್ರ ಬರೆಯಿತು: "ನಮ್ಮ ತಂದೆಯವರ ಹದಿಮೂರನೇ ದಿನದ ಸಂಭ್ರಮಕ್ಕೆ ತಾವೆಲ್ಲರೂ ಬಂದು, ಅವರೊಂದಿಗೆ ಭೋಜನ ಸವಿಯಬೇಕಾಗಿ ವಿನಂತಿ."

ಅವರೊಂದಿಗೆ! ನಮ್ಮವರಿಗೆ ಓದಿ ಹೇಳಿದೆ.

"ಅರ್ಧ ಮಾತಲ್ಲಿ ಹೇಳಿ ಅಭ್ಯಾಸ ಕಣೇ ನಿಂಗೆ. ನಂಗೇ ಅರ್ಥ ಆಗೋಕೆ ಇಷ್ಟು ವರ್ಷ ಬೇಕಾಯ್ತು. ಅದು ಪಾಪ, ನೆನ್ನೆ ಬಂದಿದೆ!" ಎಂದು ನಕ್ಕರು.

ನನಗೆ ನಗು ಬರಲಿಲ್ಲ. ಇದು ಕೆಟ್ಟರೆ ನನ್ನ ಕೆಲಸ ಹೋದಂತೆ. ದೇವರ ಮನೆಗೆ ಬೆನ್ನು ಹಾಕಿ ಕುಳಿತು, ಒಂದೂ ಬಿಡದೆ ಬರೆದೆ. ಇವರು ತೀರಿಕೊಂಡಿದ್ದಾರೆ. ಮನೆಯವರು ದುಃಖದಲ್ಲಿದ್ದಾರೆ. ಈ ಊಟ ಹೋದವರ ಆತ್ಮಕ್ಕಾಗಿ. ಸಂತೋಷ, ಸಂಭ್ರಮ ಎನ್ನುವ ಮಾತು ಬೇಡ. ಉಡುಗೊರೆಯ ಸುದ್ದಿ ಬೇಡ. ಮಕ್ಕಳ ಹೆಸರಿಗಿಂತ ಮುಂಚೆ ಅವರ ಹೆಂಡತಿಯ ಹೆಸರು ಬರಲಿ. ಮತ್ತೆ ಮತ್ತೆ ತಿದ್ದಿದ ಮೇಲೆ ಮರ್ಯಾದೆಯಾದ ನಾಲ್ಕು ಸಾಲು ಬಂತು. ಕಾರ್ಡ್ ನೋಡಿ ಆ ಮನೆಯ ಮಗಳು, "ಅಪ್ಪಂಗೆ ಹಿಡಿಸ್ತಿತ್ತು" ಎಂದಳಂತೆ. ಅಷ್ಟಾದರೂ ಆಯಿತಲ್ಲ, ದೇವರು ದೊಡ್ಡವನು.

"ಸಖತ್ತಾಗಿದೆ ಆಂಟಿ! ನಿಮ್ಮ ಪ್ರಾಂಪ್ಟ್ ಹಾಗೇ ಸೇವ್ ಮಾಡಿದ್ದೀನಿ. ಹೆಸರು ಬದಲಾಯಿಸಿದ್ರೆ ಆಯ್ತು" ಎಂದಳು ರೇಖಾ. ನಾನು ಹಿಗ್ಗಿ, ಉಪನಯನ, ಸೀಮಂತ, ನಾಮಕರಣ, ಎಲ್ಲಕ್ಕೂ ಹಾಗೆಯೇ ವಿವರವಾಗಿ ಬರೆದುಕೊಟ್ಟೆ.

ಆಮೇಲೆ ಫೋನ್ ಬರುವುದು ಕಡಿಮೆಯಾಯಿತು. ಶ್ರಾವಣದ ಹೊತ್ತಿಗೆ ನಿಂತೇಹೋಯಿತು. ಒಂದು ದಿನ ನಾನೇ ಮಂಜುನಾಥನಿಗೆ ಮಾಡಿದೆ.

"ಏನಪ್ಪ, ಕಾರ್ಡ್ ಒಂದೂ ಬಂದಿಲ್ವಾ?"

"ಬರ್ತಾ ಇದಾವಕ್ಕ. ನೀವು ಅಷ್ಟು ಚೆನ್ನಾಗಿ ಬರ್ಕೊಟ್ಟಿದ್ದೀರಲ್ಲ, ಕೌಂಟರಲ್ಲೇ ಆಗೋಗತ್ತೆ. ನಿಮಗೂ ಸ್ವಲ್ಪ ರೆಸ್ಟ್ ಸಿಗ್ಲಿ ಅಂತ."

ಪ್ರೀತಿಯಿಂದಲೇ ಹೇಳಿದ. ನನಗೆ ರೆಸ್ಟ್ ಬೇಡ, ಕೆಲಸ ಬೇಕು ಎನ್ನಬೇಕಿತ್ತು. ಇಷ್ಟು ವರ್ಷದ ಒಡನಾಟ, ತಾನೇ ತಿಳಿದುಕೊಳ್ಳುತ್ತಾನೆ ಎಂದುಕೊಂಡೆ. "ಒಳ್ಳೇದಪ್ಪ" ಎಂದೆ.

ಬಾಯಿಬಿಟ್ಟು ಹೇಳದಿದ್ದರೆ ಎದುರಿನವರಿಗೆ ಗೊತ್ತಾಗುವುದಿಲ್ಲ ಎಂಬುದನ್ನು ಆ ಕೆಲಸ ಕಲಿಸಿತು. ಯಂತ್ರಕ್ಕೆ ಹೇಳುವುದನ್ನು ಕಲಿತೆ, ಮನುಷ್ಯನಿಗೆ ಹೇಳಲಾಗಲಿಲ್ಲ. ಹೇಳಿದ್ದರೂ ಕೆಲಸ ಉಳಿಯುತ್ತಿರಲಿಲ್ಲ, ಅದೂ ಗೊತ್ತು.

ಫೋನ್ ಇಟ್ಟೆ. ಒಲೆಯ ಪಕ್ಕ ಹಾಲು ಉಗುರುಬೆಚ್ಚಗಾಗಿತ್ತು. ಹೆಪ್ಪು ಹಾಕಿ ಮುಚ್ಚಿಟ್ಟೆ.