ಕಿಸೆಯಲ್ಲಿ ನಿಂಬೆಹಣ್ಣು, ಕೈಗೆ ಸೂಜಿ

ಕೆಂಭಾವಿ ಸಂತೆಯಲ್ಲಿ ನಾಯಿ ಕಚ್ಚಿದ ಕಾಲಿಗೆ ಗೆಳೆಯ ಶರಣಪ್ಪ ಖಾರದಪುಡಿ ಮೆತ್ತಿಕೊಂಡು ಕುಳಿತಿದ್ದ. ದವಾಖಾನೆಗೆ ನಡಿ ಎಂದರೆ ಏಳಲೊಲ್ಲ.

"ಸೂಜಿ ಮಾಡಿಸ್ಕೊಂಡ್ರ ನರ ಸಾಯ್ತಾವಂತ ಮೊಬೈಲ್‌ನ್ಯಾಗ ಬಂದದ, ನೋಡಿಲ್ಲೇನಲೇ?"

ಹೀಗೇ ಬಿಟ್ಟರೆ ಜೀವಕ್ಕೇ ಕುತ್ತು. ಬುದ್ಧಿ ಹೇಳಿದರೆ ಕೇಳುವವನಲ್ಲ. ಸುಳ್ಳು ಹೇಳುವುದರಲ್ಲಿ ಸುರಪುರ ತಾಲ್ಲೂಕಿಗೆ ನಾನೇ ಮೊದಲಿಗ, ಕಿವಿಯಲ್ಲಿ ಉಸುರಿದೆ.

"ನಿನಗ ಅರ್ಧಾ ಬಂದದ, ನನಗ ಪೂರಾ ಬಂದದಲೇ. ಕಿಸೆದಾಗ ನಿಂಬಿಹಣ್ಣ ಇಟ್ಕೊಂಡ್ರ ನರಕ್ಕ ಏನೂ ಆಗಂಗಿಲ್ಲ. ಆದ್ರ ಒಂದ್ ಸೂಜಿ ತಪ್ಪಿಸಿದ್ರೂ ನಿಂಬಿಹಣ್ಣ ಕೆಲಸ ಮಾಡಂಗಿಲ್ಲ, ನೋಡು!"

ಪುಣ್ಯಾತ್ಮ ಒಂದೂ ತಪ್ಪಿಸದೆ ಎಲ್ಲ ಸೂಜಿ ಮುಗಿಸಿದ.

ತನ್ನನ್ನು ಉಳಿಸಿದ್ದು ನಿಂಬೆಹಣ್ಣೇ ಎಂದು ಈಗ ಊರೆಲ್ಲ ಸಾರುತ್ತಿದ್ದಾನೆ. ನಾಯಿ ಕಚ್ಚಿದವರೆಲ್ಲ ನಿಂಬೆಹಣ್ಣು ಹಿಡಿದೇ ಬರುತ್ತಾರೆಂದು ದವಾಖಾನೆಯ ನರ್ಸಮ್ಮ ನನ್ನನ್ನು ಬೈಯುತ್ತಾರೆ. ಬೈಯಲಿ. ಬರುತ್ತಾರಲ್ಲ!