ಮೂವತ್ತರ ಸಾಲಿನ ಐದುಗಳು

ನಜಮಾ ಗಣಿತದ ಶಿಕ್ಷಕಿಯಾದದ್ದು ಮಧುಸೂದನ ಸರ್ ಅವರಿಂದ. ಇಳಕಲ್ಲಿನಲ್ಲಿ ಸೀರೆ ನೇಯುತ್ತಿದ್ದ ಅವಳ ಅಪ್ಪ ಮುರ್ತುಜಸಾಬ, ಹತ್ತನೆಯ ತರಗತಿ ಮುಗಿದೊಡನೆ ಮಗಳನ್ನು ಮಗ್ಗಕ್ಕೆ ಕೂರಿಸಬೇಕೆಂದಿದ್ದರು. ಶಾಲೆಯಲ್ಲಿ ಗಣಿತ ಕಲಿಸುತ್ತಿದ್ದ ಮಧುಸೂದನ ಸರ್ ಮೂರು ಸಲ ಮನೆಗೆ ಬಂದು, ಚಾಪೆಯ ಮೇಲೆ ಕುಳಿತು, "ಈ ಹುಡುಗಿ ಲೆಕ್ಕ ಮಾಡೂದು ನೋಡಿದ್ರ ನನಗ ಭಾಳ ಸಂತೋಷ ಆಗ್ತದರಿ. ಓದಸ್ರಿ," ಎಂದು ಕೇಳಿಕೊಂಡಿದ್ದರು. ಇಪ್ಪತ್ತೈದು ವರ್ಷಗಳ ನಂತರ, ಗುಡೂರಿನ ಕಡೆಯ ಹಳ್ಳಿಯೊಂದರ ಪ್ರೌಢಶಾಲೆಗೆ ಅವರು ಮುಖ್ಯಗುರುಗಳಾಗಿ ಬಂದರು. ಅಲ್ಲಿ ಮೊದಲೇ ಇದ್ದ ನಜಮಾ ಸಿಬ್ಬಂದಿ ಕೋಣೆಯಲ್ಲಿ ಎದ್ದು ನಿಂತು, "ಇವರು ನಮ್ಮ ಸರ್," ಎಂದು ಎಲ್ಲರಿಗೂ ಹೇಳಿದಳು.

ಆ ವರ್ಷ ಅವಳು ಒಂಬತ್ತನೆಯ ತರಗತಿಗೆ ಪಠ್ಯಪುಸ್ತಕದಲ್ಲಿಲ್ಲದ ಒಂದು ಪಾಠ ಮಾಡಿದಳು: ಕಾಂಡ-ಎಲೆ ನಕ್ಷೆ. ಎಲ್ಲೋ ಒಂದು ತರಬೇತಿಯಲ್ಲಿ ಕಲಿತಿದ್ದು. ಶೇಂಗಾ ಕೀಳುವ ದಿನಗಳು. ಒಬ್ಬೊಬ್ಬರೂ ಹೊಲದಿಂದ ಒಂದು ಗಿಡ ತಂದು ಕಾಯಿ ಎಣಿಸಿದರು. ನಜಮಾ ಹಲಗೆಯ ಮೇಲೆ ನೆಟ್ಟಗೆ ಒಂದು ಗೆರೆ ಎಳೆದಳು. ಗೆರೆಯ ಎಡಕ್ಕೆ ಹತ್ತರ ಅಂಕಿ, ಅದು ಕಾಂಡ. ಬಲಕ್ಕೆ ಬಿಡಿಯ ಅಂಕಿ, ಅದು ಎಲೆ. ಇಪ್ಪತ್ತಮೂರು ಕಾಯಿಯ ಗಿಡವಾದರೆ ಎರಡರ ಮುಂದೆ ಮೂರು. ಇಪ್ಪತ್ತೇಳಾದರೆ ಅದೇ ಸಾಲಿನಲ್ಲಿ ಏಳು.

"ಉದ್ದನ್ನ ಸಾಲು ಏನು ಹೇಳ್ತದ?" ಎಂದಳು.

"ಅಷ್ಟು ಕಾಯಿ ಬಿಟ್ಟ ಗಿಡ ಭಾಳ ಅದಾವ ಅಂತರಿ," ಎಂದಳು ಜುಲೇಖಾ. ಲೆಕ್ಕದಲ್ಲಿ ಹಿಂದಿದ್ದರೂ ನೋಡುವುದರಲ್ಲಿ ಚುರುಕಾದ ಹುಡುಗಿ.

"ಶಾಣ್ಯಾಕಿ ಅದಿ. ಸಾಲು ಖಾಲಿ ಇದ್ರ ಸುಮ್ಮನ ದಾಟಿ ಹೋಗಬ್ಯಾಡ್ರಿ. ಯಾಕ ಖಾಲಿ ಅದ ಅಂತ ಕೇಳ್ರಿ."

ಅರ್ಧವಾರ್ಷಿಕ ಪರೀಕ್ಷೆ ಮುಗಿಯಿತು. ನಜಮಾ ನಲವತ್ತೊಂದು ಉತ್ತರಪತ್ರಿಕೆ ತಿದ್ದಿದಳು. ಹದಿಮೂರು ಮಕ್ಕಳು ಪಾಸಾಗಲು ಬೇಕಾದ ಮೂವತ್ತೈದು ಮುಟ್ಟಿರಲಿಲ್ಲ. ದಸರೆಯ ರಜೆ ಮುಗಿದ ಮೇಲೆ ಅವರಿಗೆ ಸಂಜೆ ಬೇರೆ ತರಗತಿ ನಡೆಸಬೇಕೆಂದು ಹೆಸರು ಬರೆದಿಟ್ಟುಕೊಂಡಳು. ಅಷ್ಟರಲ್ಲಿ ಬಾಗಲಕೋಟೆಯಲ್ಲಿ ಐದು ದಿನದ ತರಬೇತಿಗೆ ಕರೆ ಬಂತು. ಹೊರಡುವ ಹೊತ್ತಿಗೆ ಮಧುಸೂದನ ಸರ್ ಅಂಕಪಟ್ಟಿಯ ಖಾಲಿ ಹಾಳೆ ಮುಂದಿಟ್ಟರು. "ಸಹಿ ಮಾಡಿ ಹೋಗು ತಂಗಿ. ನೀ ಕೊಟ್ಟ ಅಂಕ ನಾ ತುಂಬಸ್ತೇನಿ." ಬೇರೆ ಯಾರೇ ಕೇಳಿದ್ದರೂ ಅವಳು ಮಾಡುತ್ತಿರಲಿಲ್ಲ.

ದಸರೆ ಕಳೆದು ಶಾಲೆ ತೆರೆದ ದಿನ ಫಲಕದ ಮೇಲೆ ಪಟ್ಟಿ ಅಂಟಿತ್ತು. ನಜಮಾ ಅದನ್ನು ಸರಿಯಾಗಿ ನೋಡಲೂ ಇಲ್ಲ. ಹೆಸರು ಬಿಟ್ಟು ಅಂಕಗಳನ್ನಷ್ಟೇ ಬರೆದುಕೊಂಡು ಬನ್ನಿ, ನಕ್ಷೆ ಮಾಡೋಣ ಎಂದು ಮಕ್ಕಳನ್ನು ಕಳಿಸಿದಳು. ಜುಲೇಖಾ ಹಲಗೆಯ ಮೇಲೆ ತುಂಬುತ್ತ ಹೋದಳು. ಒಂದರ ಮುಂದೆ ಏನೂ ಇಲ್ಲ. ಎರಡರ ಮುಂದೆ ಏನೂ ಇಲ್ಲ. ಮೂರರ ಮುಂದೆ ಐದು, ಐದು, ಐದು... ಹದಿಮೂರು ಐದು.

"ಟೀಚರ್, ಇದು ಹ್ಯಾಂಗ್ರಿ? ಶೇಂಗಾದಾಗ ಎಲಿ ಎಲ್ಲಾ ಸಾಲಿಗೂ ಹಂಚಿ ಬಂದಿದ್ದವು. ಇಲ್ಲಿ ಇಷ್ಟು ಮಂದಿಗೆ ಬರೊಬ್ಬರಿ ಮೂವತ್ತೈದ ಹ್ಯಾಂಗ ಬಿದ್ದಾವ?"

ನಜಮಾ ಹೊರಗೆ ಹೋಗಿ ಪಟ್ಟಿಯ ಮುಂದೆ ನಿಂತಳು. ಕೆಳಗೆ ಅವಳದೇ ಸಹಿ.

ಮಧುಸೂದನ ಸರ್ ಮುಚ್ಚಿಡಲಿಲ್ಲ. "ಫಲಿತಾಂಶ ಕಡಿಮಿ ಆದ ಸಾಲಿಯವರನ್ನ ಮುಖ್ಯಗುರುಗಳ ಸಭಾದಾಗ ಎಬ್ಬಿಸಿ ನಿಂದರಸ್ತಾರ ನಜಮಾ. ಏಪ್ರಿಲ್‌ಗೆ ನನ್ನ ನೌಕರಿ ಮುಗೀತದ. ಈ ವಯಸ್ಸಿನ್ಯಾಗ ಅದೊಂದು ಯಾಕ ಬೇಕು?"

"ನಿಮ್ಮ ಸಹಿ ಹಾಕಿ ಮಾಡಬಹುದಿತ್ತಲ್ರಿ ಸರ್."

ಅವರು ಹಾಜರಿ ಪುಸ್ತಕ ತೆರೆದು ಕುಳಿತರು.

ಅವಳು ಪಟ್ಟಿ ತಿದ್ದಬೇಕೆಂದು ಬರೆದುಕೊಟ್ಟಳು. ವಾರ ಕಳೆದ ಮೇಲೆ ಶಿಕ್ಷಣ ಇಲಾಖೆಯ ನೋಟಿಸು ಬಂದದ್ದು ಅವಳಿಗೇ. ಅಂಕಗಳನ್ನು ಶಿಕ್ಷಕಿಯೇ ಕೊಟ್ಟಿದ್ದಾರೆ, ಈಗ ಮಾತು ಬದಲಿಸುತ್ತಿದ್ದಾರೆ ಎಂದು ಮುಖ್ಯಗುರುಗಳು ಮೇಲಕ್ಕೆ ಬರೆದಿದ್ದರು. ಆ ಪತ್ರದ ಪ್ರತಿ ನೋಟಿಸಿನ ಜೊತೆಗಿತ್ತು; ಬಾಲ್ಯದಿಂದ ಅವಳಿಗೆ ಪರಿಚಿತವಾದ ಅದೇ ದುಂಡನೆಯ ಅಕ್ಷರ. ಅಂಕ ತಿದ್ದಿದ್ದನ್ನು ಹೇಗೋ ನುಂಗಿಕೊಂಡಿದ್ದ ನಜಮಾ ಆ ಕಾಗದ ಓದಿ ಪ್ರಯೋಗಾಲಯದ ಬಾಗಿಲು ಹಾಕಿಕೊಂಡು ಅತ್ತಳು.

ವಿಚಾರಣೆಗೆ ಬಂದ ಅಧಿಕಾರಿ ಉತ್ತರಪತ್ರಿಕೆಗಳನ್ನು ತೆಗೆಸಿದರು. ಕೆಂಪು ಮಸಿಯ ಅಂಕಗಳು ಅಲ್ಲಿದ್ದವು. ಪಟ್ಟಿ ತಿದ್ದಲಾಯಿತು. ಮುಖ್ಯಗುರುಗಳಿಗೆ ಛೀಮಾರಿ, ಖಾಲಿ ಹಾಳೆಗೆ ಸಹಿ ಮಾಡಿದ್ದಕ್ಕೆ ನಜಮಾಳಿಗೂ ಎಚ್ಚರಿಕೆಯ ಪತ್ರ. ಅದನ್ನವಳು ಒಪ್ಪಿಕೊಂಡಳು. ತಪ್ಪು ಅವಳದೂ ಇತ್ತು.

ಒಪ್ಪಿಕೊಳ್ಳಲಾಗದ್ದು ಮತ್ತೊಂದು. ಹೊಸ ಪಟ್ಟಿ ಅಂಟಿಸಿದ ದಿನ ಜುಲೇಖಾ ಬಂದು ನಿಂತಳು. ಅವಳ ಮೂವತ್ತೈದು ಇಪ್ಪತ್ತೆಂಟಾಗಿತ್ತು.

"ಪಾಸಾಗೀನಿ ಅಂತ ಅಮ್ಮೀ ಓಣಿಗೆಲ್ಲ ಸಕ್ಕರಿ ಹಂಚಿದ್ಲುರಿ. ನೀವ ಕೊಟ್ಟೀರಿ ಅಂತ ನಾ ಖರೆ ಅಂದುಕೊಂಡೆ." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಅದೇ ನಜಮಾಳಿಗೆ ಕಷ್ಟವಾಯಿತು. ನಂಬಿದ ತನಗೆ ಸರ್ ಏನು ಮಾಡಿದರೋ ಅದನ್ನೇ ತಾನು ಈ ಹುಡುಗಿಗೆ ಮಾಡಿದಂತಾಯಿತಲ್ಲ ಎನಿಸಿತು. "ತಪ್ಪಾತವಾ," ಎಂದಳಷ್ಟೆ.

ಸಂಜೆಯ ತರಗತಿಗೆ ಹನ್ನೆರಡು ಮಕ್ಕಳು ಬಂದರು. ಜುಲೇಖಾ ಎರಡು ವಾರ ಬರಲಿಲ್ಲ. ನಂತರ ಒಂದು ದಿನ ಬಂದು ಹಿಂದಿನ ಬೆಂಚಿನಲ್ಲಿ ಕುಳಿತಳು. ವಾರ್ಷಿಕ ಪರೀಕ್ಷೆಯಲ್ಲಿ ಅವಳಿಗೆ ನಲವತ್ತೊಂದು ಬಿತ್ತು.

ನಿವೃತ್ತಿಯ ಬೀಳ್ಕೊಡುಗೆಯ ದಿನ ನಜಮಾ ರಜೆ ಹಾಕಿದ್ದಳು. ಮುಂದೆ ಜೂನಿನಲ್ಲಿ ಹುನಗುಂದದ ಬಸ್ ನಿಲ್ದಾಣದಲ್ಲಿ ಮಧುಸೂದನ ಸರ್ ಎದುರಾದರು. ಸೊರಗಿದ್ದರು. "ಅರಾಮ ಅದಿ ಏನವಾ? ನನ್ನ ಮ್ಯಾಲ ಇನ್ನೂ ಸಿಟ್ಟ ಅದ?"

"ಸಿಟ್ಟ ಇಲ್ರಿ," ಎಂದಳು. ನಿಜವನ್ನೇ ಹೇಳಿದ್ದಳು. ಇನ್ನೇನಾದರೂ ಹೇಳುವಳೆಂದು ಅವರು ಕಾದರು. ಇಳಕಲ್ಲಿನ ಬಸ್ಸು ಬಂತು. ಅವಳು ಚೀಲ ಹೆಗಲಿಗೇರಿಸಿ ಹತ್ತಿದಳು.