ಚುಕ್ಕಿಯಕ್ಕ ಬಿಟ್ಟ ಪುಟ

ಬೆಳಗಿನ ಆರು ಗಂಟೆ. ಪ್ರಾರ್ಥನಾಮಂದಿರದ ಹಿಂದಿನ ಕೋಣೆಯಲ್ಲಿ ಟಕ್ ಟಕ್ ಸದ್ದು ಆಗಲೇ ಶುರುವಾಗಿದೆ. ಕಿಟಕಿ ಪಕ್ಕದ ಮೇಜಿನ ಮೇಲೆ ದಪ್ಪ ಕಾಗದ, ಅದನ್ನು ಕಚ್ಚಿ ಹಿಡಿದ ಲೋಹದ ಪಟ್ಟಿ, ಮರದ ಹಿಡಿಯ ಮೊಳೆ. ಅರವತ್ತೆಂಟರ ಹೆಂಗಸೊಬ್ಬರು ಅಂಧರಿಗಾಗಿ ಬ್ರೈಲ್ ಚುಕ್ಕಿಗಳನ್ನು ಚುಚ್ಚುತ್ತಿದ್ದಾರೆ. ಎದುರಿಗಿರುವ ಕೈಬರಹದ ಪುಸ್ತಕದ ಪುಟ ತಿರುವುವ ಮುನ್ನ ಅದನ್ನು ಎರಡು ಬೆರಳ ನಡುವೆ ಉಜ್ಜಿ ನೋಡುತ್ತಾರೆ. ಪ್ರತಿ ಪುಟಕ್ಕೂ ಇದೇ ಶಾಸ್ತ್ರ. ಯಾಕೆಂದು ಕೇಳಿದರೆ, ಮೊದಲು ಟೀ ಕುಡಿಯಿರಿ ಎನ್ನುತ್ತಾರೆ.

ಎಲ್ಲರಿಗೂ ಇವರು ಚುಕ್ಕಿಯಕ್ಕ. ಕಣ್ಣು ಕಳೆದುಕೊಂಡ ಚಿಕ್ಕಮ್ಮನಿಗೆ ಓದಲು ಏನಾದರೂ ಇರಲಿ ಎಂದು ಕಲಿತ ಕೆಲಸಕ್ಕೆ ಈಗ ನಲವತ್ತೊಂದು ವರ್ಷ. ಆಗ ಈ ಮೇಜಿನ ಸುತ್ತ ಆರು ಜನ ಕೂರುತ್ತಿದ್ದರಂತೆ. ಒಬ್ಬರು ಗಟ್ಟಿಯಾಗಿ ಓದಿದರೆ ಐವರು ಚುಚ್ಚುತ್ತಿದ್ದರು. ಓದುವವರಿಗೆ ಕೆಮ್ಮು ಬಂದರೆ ಐದು ಕೈಗಳೂ ಒಟ್ಟಿಗೆ ನಿಲ್ಲುತ್ತಿದ್ದವು, ಆಮೇಲೆ ನಗುವೋ ನಗು. ಅದನ್ನು ಹೇಳುವಾಗ ಅವರು ಖಾಲಿ ಕುರ್ಚಿಗಳನ್ನು ಒಂದೊಂದಾಗಿ ನೋಡುತ್ತಾರೆ. ಅಚ್ಚಿನ ಪುಸ್ತಕಗಳನ್ನೆಲ್ಲ ಈಗ ಯಂತ್ರ ನೋಡಿಕೊಳ್ಳುತ್ತದೆ. ಹಳೆಯ ಪಾದ್ರಿಗಳ ಕೋಳಿ ಕೆದಕಿದಂಥ ಕೈಬರಹ ಮಾತ್ರ ಇವರ ಪಾಲಿಗೆ ಉಳಿದಿದೆ. ದಿನಕ್ಕೆ ಹನ್ನೆರಡು ಹಾಳೆ. ಮೊದಲು ಇಪ್ಪತ್ತಾಗುತ್ತಿತ್ತು, ಈಗ ಕಣ್ಣಿಗೆ ಪೊರೆ ಬಂದಿದೆ.

ಈಗ ಮೇಜಿನ ಮೇಲಿರುವುದು, ಬೈಬಲಿನಲ್ಲಿರುವ, ಅಪೊಸ್ತಲ ಪೌಲ ರೋಮಿನ ಕ್ರೈಸ್ತ ಸಭೆಗೆ ಬರೆದ ಪತ್ರಕ್ಕೆ ಪಾದ್ರಿಯೊಬ್ಬರು ಬರೆದಿಟ್ಟ ವ್ಯಾಖ್ಯಾನ. ಹದಿನೆಂಟು ವರ್ಷದ ಹಿಂದೆ ಇದನ್ನು ಇವರೇ ಒಮ್ಮೆ ನಕಲು ಮಾಡಿದ್ದರು. ದೇವರು ಮೊದಲು ಕರೆದ ಯೆಹೂದ್ಯರನ್ನು ಕೈಬಿಟ್ಟನೇ ಎಂಬ ಕಠಿಣ ಪ್ರಶ್ನೆ ಅದರಲ್ಲಿ ಬರುತ್ತದೆ. ಪೌಲ ಅದನ್ನು ಆಲಿವ್ ಮರದ ಹೋಲಿಕೆಯಲ್ಲಿ ಹೇಳುತ್ತಾನೆ: ಮರದ ಸ್ವಂತ ಕೊಂಬೆಗಳಲ್ಲಿ, ಅಂದರೆ ಯೆಹೂದ್ಯರಲ್ಲಿ, ಕೆಲವು ಮುರಿದವು, ಆ ಜಾಗಕ್ಕೆ ಕಾಡುಕೊಂಬೆ, ಅಂದರೆ ಹೊರಗಿನ ಜನ, ಕಸಿಯಾಯಿತು. ಪಾದ್ರಿಯ ಒಂದು ಪುಟ ಅಲ್ಲಿಗೆ ಮುಗಿಯುತ್ತದೆ. ಮುಂದಿನೆರಡು ಪುಟಗಳು ತೇವಕ್ಕೆ ಅಂಟಿಕೊಂಡಿದ್ದವು. ಚುಕ್ಕಿಯಕ್ಕನಿಗೆ ಗೊತ್ತಾಗಲಿಲ್ಲ, ನೇರವಾಗಿ ಮುಂದಿನ ಅಧ್ಯಾಯಕ್ಕೆ ಹೋದರು.

ಆ ನಕಲನ್ನು ನೆಚ್ಚಿಕೊಂಡವರು, ಇಲ್ಲಿ ಭಾನುವಾರದ ಪಾಠ ಹೇಳುವ ಅಂಧ ಮೇಷ್ಟ್ರು. ಪತ್ರದ ಮಾತು ಅವರಿಗೆ ಬಾಯಿಪಾಠ, ಆದರೆ ಅರ್ಥಕ್ಕೆ ಅವರಿಗಿದ್ದದ್ದು ಈ ವ್ಯಾಖ್ಯಾನ ಒಂದೇ. ಇಸ್ರಾಯೇಲೆಲ್ಲ ರಕ್ಷಣೆ ಹೊಂದುವುದು ಎಂದು ಪೌಲ ಮುಂದೆ ಬರೆದಲ್ಲಿ ಇಸ್ರಾಯೇಲೆಂದರೆ ಯೆಹೂದ್ಯರಲ್ಲ, ನಮ್ಮ ಸಭೆಯೇ ಇರಬೇಕು, ಮುರಿದ ಕೊಂಬೆಯ ಕಥೆ ಮುಗಿಯಿತು ಎಂದೇ ಕಲಿಸಿದರು. ಅವರ ಪಕ್ಕದ ಮನೆಯವರು ಯೆಹೂದ್ಯರು, ಗಡಿಯಾರ ರಿಪೇರಿ ಮಾಡುತ್ತಿದ್ದವರು. ಮೂವತ್ತು ವರ್ಷ ದಿನಾ ಸಂಜೆ ಮೇಷ್ಟ್ರಿಗೆ ಪತ್ರಿಕೆ ಓದಿ ಹೇಳಿದ ಜೀವದ ಗೆಳೆಯ. ನಾಲ್ಕು ವರ್ಷದ ಹಿಂದೆ ಆತ ತೀರಿಕೊಂಡಾಗ, ತಾನು ಕಲಿಸಿದ ಪಾಠದಲ್ಲಿ ಗೆಳೆಯನಿಗೆ ಜಾಗವಿಲ್ಲದ್ದರಿಂದ, ಸಮಾಧಿಯ ಪಕ್ಕ ಹೇಳಲು ಮೇಷ್ಟ್ರಿಗೆ ಸಮಾಧಾನದ ಒಂದು ವಚನವೂ ಸಿಗಲಿಲ್ಲ.

ಈ ವರ್ಷ ಹಳೆಯ ನಕಲು ಸವೆದಿದೆ ಎಂದು ಅದು ಮತ್ತೆ ಚುಕ್ಕಿಯಕ್ಕನ ಕೈಗೆ ಬಂತು. ಒಂದು ಹಾಳೆ ಮಾತ್ರ ಮಿಕ್ಕೆಲ್ಲಕ್ಕಿಂತ ಹೆಚ್ಚು ಸವೆದಿತ್ತು, ಚುಕ್ಕಿಗಳೇ ನೆಲಸಮ. ಕೊಂಬೆ ಮುರಿದ ಹಾಳೆ ಅದು. ಮೂಲ ತೆರೆದು ನೋಡಿದಾಗ ಅಂಟಿದ್ದ ಪುಟಗಳು ಬಿಟ್ಟುಕೊಂಡವು. ಅಲ್ಲಿ ಪಾದ್ರಿ ಬರೆದಿದ್ದರು: ಕಾಡುಕೊಂಬೆಯೇ ಹತ್ತಿಕೊಂಡಿತೆಂದ ಮೇಲೆ ಸ್ವಂತ ಕೊಂಬೆ ಸ್ವಂತ ಮರಕ್ಕೆ ಮತ್ತೆ ಹತ್ತದೇ? ಇಲ್ಲಿ ಇಸ್ರಾಯೇಲೆಂದರೆ ಯೆಹೂದ್ಯರೇ; ದೇವರು ಕರೆದ ಕರೆಯನ್ನು ಹಿಂದಕ್ಕೆ ತೆಗೆದುಕೊಳ್ಳುವವನಲ್ಲ.

"ಆ ಹಾಳೆ ಯಾಕೆ ಸವೆದಿದೆ ಅಂತ ಆಗ ಗೊತ್ತಾಯ್ತು," ಎನ್ನುತ್ತಾರೆ ಚುಕ್ಕಿಯಕ್ಕ. "ಪಾಪ ಮೇಷ್ಟ್ರು, ಮುಂದೆ ಏನಾದ್ರೂ ಇದ್ದೀತು ಅಂತ ಅಲ್ಲೇ ತಡಕಾಡಿದಾರೆ. ಹೇಳ್ದೆ ಇದ್ರೆ ಯಾರಿಗೂ ಗೊತ್ತಾಗ್ತಿರ್ಲಿಲ್ಲ. ಮೂರು ದಿನ ಊಟ ಸೇರ್ಲಿಲ್ಲ."

ನಾಲ್ಕನೆಯ ದಿನ ಬಿಟ್ಟ ಪುಟಗಳನ್ನು ಚುಚ್ಚಿಕೊಂಡು ಮೇಷ್ಟ್ರ ಮನೆಗೆ ಹೋಗಿ ಎಲ್ಲವನ್ನೂ ಒಪ್ಪಿಕೊಂಡರು. ಮೇಷ್ಟ್ರು ಬೆರಳಿಟ್ಟು ಮೂರು ಸಲ ಓದಿದರು. "ಕಣ್ಣಿದ್ದವರನ್ನ ನಂಬಿ ಕೆಟ್ಟೆ ಕಣಮ್ಮ," ಎಂದು ನಕ್ಕರು. ಆಮೇಲೆ ಆ ಹಾಳೆಗಳನ್ನು ಹಿಡಿದುಕೊಂಡು, ಗೆಳೆಯನ ಸಮಾಧಿಗೆ ಕರೆದೊಯ್ಯಲು ಹೇಳಿದರು. ಅಲ್ಲಿ ಗಟ್ಟಿಯಾಗಿ ಓದಿದರು. ಮರುಭಾನುವಾರ ತರಗತಿಯಲ್ಲಿ, ಇಷ್ಟು ವರ್ಷ ತಪ್ಪು ಕಲಿಸಿದೆ ಎಂದರು. ಚುಕ್ಕಿಯಕ್ಕನ ಹೆಸರೆತ್ತಲಿಲ್ಲ.

ಹೊಸ ನಕಲಿನಲ್ಲಿ ಇನ್ನು ನೂರಮೂವತ್ತು ಹಾಳೆ ಬಾಕಿ ಇದೆ. ಕಣ್ಣಿನ ಶಸ್ತ್ರಚಿಕಿತ್ಸೆ ಆಮೇಲೆ ಎನ್ನುತ್ತಾರೆ. ಮತ್ತೇನು ಆಸೆ ಎಂದು ಕೇಳಿದೆ. ಎರಡು ಬೆರಳಲ್ಲಿ ಪುಟ ಉಜ್ಜಿ, ಒಂದೇ ಎಂದು ಖಾತ್ರಿಯಾದ ಮೇಲೆ ತಿರುವಿದರು.

"ಈ ಸಲ ಬಿಟ್ಟಿದ್ದ ಹಾಳೆ ಸವೀಬೇಕು," ಅಂದರು. "ಅಷ್ಟು ಸಲ ಓದ್ಲಿ ಅವರು."